ಇಬ್ಬರ ತೂಕ

ಬನಶಂಕರಿ ಎರಡನೇ ಹಂತ, ಬೆಂಗಳೂರು
12 ಮಾರ್ಚ್ 1978

ಅಲಮೇಲು,

ತಿಪಟೂರಿಗೆ ನೀನು ಬರೆದ ಎರಡು ಕಾಗದಗಳೂ ತಲುಪಿದವು. ಉತ್ತರ ಬರೆಯದೆ ಇದ್ದದ್ದು ನನ್ನ ತಪ್ಪಲ್ಲ. ಬಾಣಂತಿ ಓದಿದರೂ ಬರೆದರೂ ಕಣ್ಣು ಹೋಗುತ್ತದೆ ಎಂದು ಅಮ್ಮ ಪೆನ್ನನ್ನೇ ಬಚ್ಚಿಟ್ಟಿದ್ದಳು. ನಿನ್ನ ಜೊತೆ ಎಂ.ಎ. ಓದಿದವಳು ನಾಲ್ಕು ತಿಂಗಳು ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಹೊಟ್ಟೆಗೆ ಹಳೇ ಸೀರೆಯ ಕಟ್ಟು ಸುತ್ತಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ಕುಡಿಯುವುದಕ್ಕೆ ದಿನಕ್ಕೆ ಎರಡು ಲೋಟ ಬಿಸಿನೀರು. ಹೆಚ್ಚು ಕುಡಿದರೆ ಹೊಟ್ಟೆ ಹಾಗೇ ಉಳಿದುಬಿಡುತ್ತದಂತೆ. ತಿನ್ನುವುದಕ್ಕೆ ಮಾತ್ರ ಮಿತಿಯಿರಲಿಲ್ಲ. ಅಂಟಿನುಂಡೆ, ಕೊಬ್ಬರಿ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ತುಪ್ಪದಲ್ಲಿ ಮುಳುಗಿದ ಅನ್ನ.

ಹೋದ ಭಾನುವಾರ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಬಂದೆ. ಬಾಗಿಲಲ್ಲಿ ಆರತಿ ಎತ್ತಿದ ಪಕ್ಕದ ಮನೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅತ್ತೆಗೆ ಹೇಳಿದರು: "ಬಾಣಂತನ ಅಂದ್ರೆ ಇದು ಕಣ್ರೀ ಕಮಲಾದೇವಿ. ನಿಮ್ಮ ಬೀಗಿತ್ತಿ ಒಂದಿಷ್ಟೂ ಕೈ ಬಿಗಿ ಹಿಡಿದಿಲ್ಲ." ನನ್ನನ್ನು ಬಿಡಲು ಬಂದಿದ್ದ ಅಮ್ಮನ ಮುಖ ನೀನು ನೋಡಬೇಕಿತ್ತು. ಮೊದಲ ರ್‍ಯಾಂಕ್ ಬಂದಾಗಲೂ ಅವಳು ನನ್ನನ್ನು ನೋಡಿ ಅಷ್ಟು ಹಿಗ್ಗಿರಲಿಲ್ಲ. ನಮ್ಮವರು ಮಾತ್ರ ಆಟೋದಿಂದ ತೊಟ್ಟಿಲು ಇಳಿಸುತ್ತಾ ಇದ್ದರು, ಅದನ್ನು ಇಳಿಸಿ ಮುಗಿಯಲೇ ಇಲ್ಲ.

ಮೊನ್ನೆ ಪಾಪುವನ್ನು ಅತ್ತೆಯ ಹತ್ತಿರ ಬಿಟ್ಟು ನಾವಿಬ್ಬರೂ ಜಯನಗರ ನಾಲ್ಕನೇ ಬ್ಲಾಕಿಗೆ ಹೊರಟೆವು. ಬಸ್ಸು ತುಂಬಿತ್ತು. ಕಂಡಕ್ಟರು ನನ್ನನ್ನು ನೋಡಿದವನೇ ಸೀಟಿನಲ್ಲಿದ್ದ ಹುಡುಗನಿಗೆ, "ಏ ಗುರು, ಎದ್ದೇಳು. ಬಸುರಿ ಹೆಂಗಸು ನಿಂತವ್ರೆ, ಕಾಣಾಕಿಲ್ವ?" ಅಂದ. ಹುಡುಗ ಎದ್ದ. "ಕೂತ್ಕೊಳಿ ಅಕ್ಕ." ಅಲಮೇಲು, ನಾನು ಕೂತುಕೊಂಡೆ. ನಮ್ಮವರು ಎರಡು ಕಂಬ ಆಚೆ ನಿಂತು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಇಳಿದ ಮೇಲೆ, "ಇಲ್ಲ ಅನ್ನಬಹುದಿತ್ತಲ್ಲ," ಎಂದರು. ಮತ್ತೆ ಸ್ವಲ್ಪ ದೂರ ನಡೆದು, "ಸೋಮು ಮದುವೆಗೆ ಇನ್ನೂ ಎರಡೂವರೆ ತಿಂಗಳಿದೆ. ಅಷ್ಟರಲ್ಲಿ ಸ್ವಲ್ಪ ನೋಡ್ಕೋ ಮಂಗಳಾ. ನಮ್ಮ ಬ್ಯಾಂಕಿನವರೆಲ್ಲ ಬರ್ತಾರೆ." ಸೋಮು ಎಂದರೆ ನನ್ನ ಮೈದುನ. ಮದುವೆ ಮೇ ಇಪ್ಪತ್ತೈದು, ಗುರುವಾರ.

ಅವರು ಗದರಲಿಲ್ಲ ಕಣೇ. ಗದರಿದ್ದರೆ ಒಂದು ಉತ್ತರ ಹೇಳಬಹುದಿತ್ತು.

ಅಲ್ಲಿನ ಶಾಪಿಂಗ್ ಕಾಂಪ್ಲೆಕ್ಸ್ ಎದುರು ಒಂದು ಹೋಟೆಲಿನ ಮುಂದೆ ತೂಕದ ಯಂತ್ರ ಇದೆ. ಅವರು ಸೋಪು ತರಲು ಹೋದಾಗ ಹತ್ತಿ ನೋಡಿದೆ. ಎಪ್ಪತ್ತೊಂದು. ಮದುವೆಯಾದಾಗ ನಲವತ್ತೊಂಬತ್ತಿದ್ದೆ.

ನಿಮ್ಮ ಕಾಲೇಜಿನ ಲೈಬ್ರರಿಗೆ ಹೆಂಗಸರ ಪತ್ರಿಕೆಗಳು ಬರುತ್ತವೆ ಎಂದಿದ್ದೆ. ತೂಕ ಇಳಿಸುವ ಬಗ್ಗೆ ಏನಾದರೂ ಸಿಕ್ಕರೆ ನಕಲು ಮಾಡಿ ಕಳಿಸು. ಇಲ್ಲಿ ಯಾರನ್ನೂ ಕೇಳುವ ಹಾಗಿಲ್ಲ. ಇನ್‌ಲ್ಯಾಂಡಿನಲ್ಲೇ ಬರೆ. ದಪ್ಪ ಲಕೋಟೆ ಬಂದರೆ ಮಾವ ಒಳಗೇನಿದೆ ಎಂದು ವಿಚಾರಿಸುತ್ತಾರೆ. ಹೆಡ್‌ಮಾಸ್ಟರಾಗಿ ರಿಟೈರ್ ಆದವರು, ಅಭ್ಯಾಸ.

ಪಾಪು ಚೆನ್ನಾಗಿದ್ದಾಳೆ. ಚೇತನಾ ಎಂದು ಹೆಸರಿಟ್ಟಿದ್ದೇವೆ. ಮದುವೆ ಗಲಾಟೆಯಲ್ಲಿ ಬೇಕಾಗಬಹುದು ಎಂದು ಒಂದು ಹಾಲಿನ ಬಾಟಲಿ ತಂದಿಟ್ಟಿದ್ದೇವೆ.

ನಿನ್ನ ಮಂಗಳಾ


ರಾಯಚೂರು
20 ಮಾರ್ಚ್ 1978

ಪ್ರೀತಿಯ ಮಂಗಳಾ,

ಆ ಕಂಡಕ್ಟರಿಗೆ ನಾನು ಇಲ್ಲಿಂದಲೇ ಏನಾದರೂ ಅನ್ನಬೇಕು ಎನಿಸಿತು. ಆದರೆ ನಾನು ಅನ್ನುವುದು ಯಾರಿಗೆ ಕೇಳಿಸುತ್ತದೆ? ನನ್ನ ಪಾಠ ಎರಡನೇ ಬೆಂಚು ದಾಟುವುದಿಲ್ಲ ಎಂದು ಪ್ರಿನ್ಸಿಪಾಲರು ಮೊನ್ನೆ ಕರೆದು ಹೇಳಿದರು. ನನ್ನ ಮೈಸೂರು ಕಡೆಯ ಮಾತು ಹುಡುಗರಿಗೆ ನಗು. "ಮೇಡಮ್ಮಾರು ಹಾಡಿದಂಗ ಮಾತಾಡ್ತಾರ," ಎನ್ನುತ್ತಾರೆ. ಕಾಲೇಜು ಮುಗಿದ ಮೇಲೆ ಲೈಬ್ರರಿ, ಅದು ಮುಚ್ಚಿದ ಮೇಲೆ ರೂಮು. ನಿನ್ನ ಕಾಗದ ಬಂದ ದಿನ ನನಗೊಂದು ಕೆಲಸ ಸಿಕ್ಕಿತು.

ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಒಂದು ಲೇಖನ ಸಿಕ್ಕಿದೆ, ಬೊಂಬಾಯಿಯ ಒಬ್ಬ ಡಾಕ್ಟರಮ್ಮ ಬರೆದದ್ದು. ಪತ್ರಿಕೆ ಹೊರಗೆ ಕೊಡುವುದಿಲ್ಲ, ಅಲ್ಲೇ ಕೂತು ಬರೆದುಕೊಂಡೆ. ಬೆಳಿಗ್ಗೆ ಎದ್ದು ಬಿಸಿನೀರಿಗೆ ನಿಂಬೆರಸ, ಒಂದು ಚಮಚ ಜೇನು. ತಿಂಡಿ ಬೇಡ. ಮಧ್ಯಾಹ್ನ ಒಂದೇ ಚಪಾತಿ, ಎಣ್ಣೆ ಹಾಕದ ಪಲ್ಯ, ಸೌತೇಕಾಯಿ ಎಷ್ಟಾದರೂ. ನಾಲ್ಕು ಗಂಟೆಗೆ ನೀರು ಮಜ್ಜಿಗೆ. ಸಾಯಂಕಾಲ ಒಂದು ಹಣ್ಣು ಅಥವಾ ಬೇಯಿಸಿದ ತರಕಾರಿ. ಅನ್ನ ವಾರಕ್ಕೊಂದು ದಿನ. ತುಪ್ಪ, ಬೆಲ್ಲ, ಕಾಯಿ, ಕರಿದದ್ದು ಪೂರಾ ಬಂದ್. ಮೊದಲ ವಾರ ತಲೆ ಸುತ್ತುತ್ತದಂತೆ, ಆಮೇಲೆ ಹಸಿವೆಯೇ ಆಗುವುದಿಲ್ಲವಂತೆ. ತಿಂಗಳಿಗೆ ನಾಲ್ಕೈದು ಕಿಲೋ ಇಳಿಯುವುದು ಖಂಡಿತ ಎಂದು ಬರೆದಿದ್ದಾರೆ.

ಮುಖ್ಯವಾದದ್ದೆಲ್ಲ ಇಷ್ಟೇ. ನೋಡು, ಮಡಿಕೆಯ ಮೇಲೂ ಬರೆದಾಯಿತು, ಇನ್ನು ಅಂಟು ಹಚ್ಚುವ ಅಂಚೊಂದು ಉಳಿದಿದೆ. ನಿನ್ನ ತೂಕ ಬರೆಯುತ್ತಿರು. ಇಲ್ಲಿ ನಾನು ಕಾಯುತ್ತಿರುತ್ತೇನೆ.

ಅಲಮೇಲು


ಬನಶಂಕರಿ ಎರಡನೇ ಹಂತ
6 ಏಪ್ರಿಲ್ 1978

ಅಲಮೇಲು,

ಎರಡು ವಾರವಾಯಿತು. ನಿನ್ನ ಡಾಕ್ಟರಮ್ಮ ಹೇಳಿದ ಹಾಗೇ ತಲೆ ಸುತ್ತಿತು, ಆಮೇಲೆ ನಿಂತಿತು.

ಕಷ್ಟ ಇರುವುದು ಹಸಿವೆಯಲ್ಲಲ್ಲ, ಬಚ್ಚಿಡುವುದರಲ್ಲಿ. ಅತ್ತೆ ಬಡಿಸಿ ಎದುರಿಗೇ ಕೂರುತ್ತಾರೆ. ಹಾಗಾಗಿ, "ಪಾಪು ಮಲಗಲಿ ಅತ್ತೆ, ಆಮೇಲೆ ಹಾಕ್ಕೊಂಡು ತಿಂತೀನಿ," ಎನ್ನುತ್ತೇನೆ. ಆಮೇಲೆ ಅನ್ನವನ್ನು ಹಿತ್ತಲಿನ ಖಾಲಿ ಸೈಟಿನಲ್ಲಿ ಮೇಯುವ ಹಸುವಿಗೆ ಹಾಕುತ್ತೇನೆ. ಅದು ಈಗ ನನ್ನನ್ನು ಕಂಡರೆ ಬೇಲಿ ಹತ್ತಿರ ಬಂದು ನಿಲ್ಲುತ್ತದೆ. ಅಮ್ಮ ಹೇಳಿದ ನೀರಿನ ಲೆಕ್ಕವನ್ನೂ ಬಿಟ್ಟಿಲ್ಲ. ಎರಡು ಕಡೆಯಿಂದಲೂ ಹಿಡಿದರೆ ಬೇಗ ಇಳಿಯಬಹುದಲ್ಲ.

ನಿನ್ನೆ ಪಾಪುವನ್ನು ಎತ್ತಿಕೊಂಡೇ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಯಂತ್ರದ ಮೇಲೆ ಇಬ್ಬರೂ ಹತ್ತಿದೆವು. ಎಪ್ಪತ್ತನಾಲ್ಕು ಎಂದು ಬಂದ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದವಳು ನಕ್ಕು, "ಕೂಸ್ನ ಇಲ್ ಕೊಡಕ್ಕ, ಒಬ್ಳೇ ಹತ್ತು," ಎಂದಳು. ಕೊಟ್ಟು ಹತ್ತಿದೆ. ಅರವತ್ತೆಂಟು. ಮೂರು ಕಿಲೋ ಇಳಿದಿದ್ದೇನೆ.

ಈ ವಿಷಯ ಮನೆಯಲ್ಲಿ ಹೇಳಿಲ್ಲ. ಮಗುವಿನ ತೂಕ ನೋಡಬಾರದು, ದೃಷ್ಟಿಯಾಗುತ್ತದೆ ಎಂದು ಅತ್ತೆ ಬಾಗಿಲಲ್ಲೇ ಆಣೆ ಹಾಕಿಸಿಕೊಂಡಿದ್ದರು. ಆಸ್ಪತ್ರೆಯಲ್ಲಿ ಹುಟ್ಟಿದ ದಿನ ನೋಡಿದ್ದೇ ಕೊನೆ. ಹತ್ತಿಸಿದ ಮೇಲೆ ನೆನಪಾಯಿತು.

ನಮ್ಮವರು ನಿನ್ನೆ, "ಏನೋ ಸ್ವಲ್ಪ ಬೇರೆ ಥರ ಕಾಣ್ತಿದೀಯ," ಅಂದರು. ಇಷ್ಟಕ್ಕೇ ನಾನು ದಿನವಿಡೀ ಹಗುರಾಗಿ ಓಡಾಡಿದೆ. ನಾಚಿಕೆಯಾಗುತ್ತದೆ ಬರೆಯಲು.

ಮಂಗಳಾ


ರಾಯಚೂರು
14 ಏಪ್ರಿಲ್ 1978

ಮಂಗಳಾ,

ಮೂರು ಕಿಲೋ! ಓದಿ ಎದ್ದು ನಿಂತೆ. ನಮ್ಮ ಮನೆಯ ಒಡತಿ ಬಾಗಿಲಲ್ಲಿ ಹಪ್ಪಳ ಒಣಗಿಸುತ್ತಿದ್ದರು, "ಏನ್ರಿ ಅಲಮೇಲಮ್ಮ, ಮದವಿ ಗೊತ್ತಾತೇನ್ರಿ?" ಎಂದು ಕೇಳಿದರು. ಇಲ್ಲ, ನನ್ನ ಗೆಳತಿ ತೆಳ್ಳಗಾಗುತ್ತಿದ್ದಾಳೆ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ಒಳಗೆ ಬಂದುಬಿಟ್ಟೆ.

ಮೂರು ಇಳಿದವಳಿಗೆ ಆರು ಕಷ್ಟವಲ್ಲ. ಸಾಯಂಕಾಲದ ಹಣ್ಣನ್ನೂ ಬಿಟ್ಟು ಮಜ್ಜಿಗೆಯಲ್ಲೇ ಇರಬಹುದಂತೆ, ಮೂರನೇ ವಾರದಿಂದ. ಲೇಖನದಲ್ಲೇ ಇದೆ. ಮದುವೆಯ ದಿನ ನೀನು ಆ ನೇರಳೆ ಮೈಸೂರು ಸಿಲ್ಕ್ ಉಡಬೇಕು, ಫೋಟೋ ನನಗೆ ಬೇಕು.

ಇಲ್ಲಿ ಬಿಸಿಲು ಗೋಡೆಯಿಂದ ಇಳಿಯುವುದಿಲ್ಲ. ಪರೀಕ್ಷೆ ಶುರುವಾಗಿದೆ. ನನಗೆ ಬೇರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಆದ್ದರಿಂದ ನಿನ್ನದನ್ನೇ ಬರೆ.

ಅಲಮೇಲು


ಬನಶಂಕರಿ ಎರಡನೇ ಹಂತ
2 ಮೇ 1978

ಅಲಮೇಲು,

ಅರವತ್ತೆರಡೂವರೆ. ಪಾಪು ಸೇರಿದರೆ ಅರವತ್ತೆಂಟು. ಕೇಳಿದ್ದೆಯಲ್ಲ, ಬರೆದಿದ್ದೇನೆ.

ಹಳೇ ಬ್ಲೌಸುಗಳಲ್ಲಿ ಎರಡು ಹಿಡಿಸುತ್ತವೆ. ನಮ್ಮವರು ಭಾನುವಾರ ತಾವಾಗಿಯೇ, "ಬಾ, ಲಾಲ್‌ಬಾಗಿಗೆ ಹೋಗಿಬರೋಣ," ಎಂದರು. ಹೋದೆವು. ಗಾಜಿನ ಮನೆಯ ಹತ್ತಿರ ಅವರ ಬ್ಯಾಂಕಿನ ಒಬ್ಬರು ಸಿಕ್ಕಾಗ, "ನಮ್ಮ ಮನೆಯವರು," ಎಂದು ಪರಿಚಯ ಮಾಡಿಸಿದರು. ಪಾಪು ಪೂರ್ತಿ ದಾರಿ ಅಳುತ್ತಿದ್ದಳು. ಈಗ ತುಂಬ ಅಳುತ್ತಾಳೆ. ಹಲ್ಲು ಬರುವ ಸಮಯ ಎಂದು ಅತ್ತೆ ಬಜೆ ತೇಯ್ದು ನೆಕ್ಕಿಸುತ್ತಾರೆ. ಕುಡಿಯುತ್ತಾ ಕುಡಿಯುತ್ತಾ ಬಿಟ್ಟು ಕಿರುಚುತ್ತಾಳೆ, ಮತ್ತೆ ಹಿಡಿಯುತ್ತಾಳೆ.

ಉತ್ತರಹಳ್ಳಿಯಿಂದ ಮೊಸರು ತರುವ ಕೆಂಪಕ್ಕ ಮೊನ್ನೆ ಮಡಕೆ ಇಳಿಸಿ ಪಾಪುವಿನ ತೊಡೆ ಹಿಡಿದು ನೋಡಿದಳು. "ಇದ್ಯಾಕವ್ವ, ಕೂಸು ಬಾಡ್ಕಂಡದೆ. ಆಲು ಸಾಲ್ದು ಕಣವ್ವ ಇದ್ಕೆ." ಅತ್ತೆ ಒಳಗಿಂದ, "ಏ ಕೆಂಪಕ್ಕ, ಮಗೂಗೆ ಕಣ್ ಹಾಕ್ಬೇಡ, ಮೊಸರು ಹಾಕು," ಎಂದರು. "ಅಯ್ಯೋ, ನನ್ ಕಣ್ಣು ಬಿದ್ರೆ ಎಮ್ಮೇನೂ ಇನ್ನೊಂದ್ ಸೇರು ಕೊಡ್ತದೆ ಬುಡಿ," ಎಂದು ಅವಳು ನಕ್ಕಳು. ಮಾರನೇ ದಿನ ನನಗೊಂದು ಕಂತೆ ಸಬ್ಬಸಿಗೆ ಸೊಪ್ಪು ತಂದುಕೊಟ್ಟಳು, ಹಾಲು ಬರಲೆಂದು. ಸೊಪ್ಪು ತಾನೆ, ಕೊಬ್ಬಿಲ್ಲ. ತಿಂದೆ.

ಅಮ್ಮ ಶುಕ್ರವಾರ ಬಂದಿದ್ದಳು. ನನ್ನನ್ನು ನೋಡಿ ಚೀಲವನ್ನೂ ಕೆಳಗಿಡಲಿಲ್ಲ. "ನಾನು ಕಳಿಸಿದ ಮಗಳು ಇವಳಲ್ಲ," ಎಂದಳು ಅತ್ತೆಗೆ. ಅತ್ತೆ, "ತಟ್ಟೆ ತುಂಬ ಹಾಕ್ತೀನಿ ಸಿದ್ದಗಂಗಮ್ಮನೋರೇ, ಬೇಕಾದ್ರೆ ನಿಮ್ಮ ಮಗಳನ್ನೇ ಕೇಳಿ," ಎಂದರು. ಇಬ್ಬರೂ ನನ್ನ ಕಡೆ ತಿರುಗಿದರು. ಹಾಕುತ್ತಾರೆ ಎಂದೆ. ತಿನ್ನುತ್ತೇನೆ ಎಂದೂ ಹೇಳಿದೆ. ಅಮ್ಮ ಅದೇ ಸಾಯಂಕಾಲದ ರೈಲಿಗೆ ಹೊರಟುಹೋದಳು.

ಇನ್ನು ಇಪ್ಪತ್ತಮೂರು ದಿನ.

ಮಂಗಳಾ


ರಾಯಚೂರು
10 ಮೇ 1978

ಮಂಗಳಾ,

ಐದೂವರೆ ಕಿಲೋ ಇಪ್ಪತ್ತಾರು ದಿನಕ್ಕೆ! ಲಾಲ್‌ಬಾಗಿನ ವಿಷಯ ಎರಡು ಸಲ ಓದಿದೆ. ಅಮ್ಮಂದಿರ ಮಾತು ಬಿಡು. ಅವರಿಗೆ ದಪ್ಪಗಿರುವುದೇ ಆರೋಗ್ಯ. ಪಾಪು ಅಳುವುದು ಸೆಖೆಗೆ ಇರಬೇಕು. ಇಲ್ಲಿ ಎಲ್ಲರ ಮನೆಯ ಮಕ್ಕಳೂ ಅಳುತ್ತಿವೆ. ಬೆನ್ನಿಗೆ ಶ್ರೀಗಂಧ ತೇಯ್ದು ಹಚ್ಚು.

ರಜೆಗೆ ಊರಿಗೆ ಬರಲಾಗಲಿಲ್ಲ. ಉತ್ತರ ಪತ್ರಿಕೆಗಳ ಅಂಕ ಕೂಡಿಸುವ ಕೆಲಸಕ್ಕೆ ನನ್ನನ್ನು ಹಾಕಿದ್ದಾರೆ. ಮಾತಾಡಬೇಕಾಗಿಲ್ಲ, ನನಗೆ ಹೇಳಿ ಮಾಡಿಸಿದ್ದು.

ಅಲಮೇಲು


ರಾಯಚೂರು
19 ಮೇ 1978

ಮಂಗಳಾ,

ಈ ಕಾಗದಕ್ಕಿಂತ ಮೊದಲು ನನ್ನ ತಾರ ತಲುಪಿರುತ್ತದೆ. ಗಾಬರಿಯಾದೆಯೇನೋ. ಗಾಬರಿಯಾಗಲಿ ಎಂದೇ ಕಳಿಸಿದೆ.

ಹತ್ತು ದಿನದಿಂದ ಅಂಕ ಕೂಡುವುದು, ಕಳೆಯುವುದು, ಇನ್ನೊಬ್ಬರು ಕೂಡಿದ್ದನ್ನು ಮತ್ತೆ ತಾಳೆ ನೋಡುವುದು ಇದೇ ಕೆಲಸ. ಇಂದು ಊಟದ ಹೊತ್ತಿನಲ್ಲಿ ನಿನ್ನ ಕಾಗದಗಳನ್ನು ತೆಗೆದೆ. ಓದಬೇಕೆಂದು ತೆಗೆದದ್ದು, ಕೈ ಸುಮ್ಮನೆ ಲೆಕ್ಕ ಮಾಡಿತು. ಎಪ್ಪತ್ತನಾಲ್ಕರಲ್ಲಿ ಅರವತ್ತೆಂಟು ಹೋದರೆ ಆರು. ಅರವತ್ತೆಂಟರಲ್ಲಿ ಅರವತ್ತೆರಡೂವರೆ ಹೋದರೆ ಐದೂವರೆ. ಒಂದು ತಿಂಗಳಲ್ಲಿ ಪಾಪು ಬೆಳೆಯುವ ಬದಲು ಅರ್ಧ ಕಿಲೋ ಇಳಿದಿದ್ದಾಳೆ ಮಂಗಳಾ. ಎರಡು ಕಾಗದವೂ ನನ್ನ ಹತ್ತಿರವೇ ಇದ್ದವು. ನಾನು ನಿನ್ನ ಅಂಕ ಮಾತ್ರ ನೋಡಿದ್ದೆ.

ಪೋಸ್ಟಾಫೀಸಿಗೆ ಓಡಿದೆ. ನಿನ್ನ ಹೆಸರು ಬರೆದದ್ದಕ್ಕೆ ಅಲ್ಲಿನ ಗುಮಾಸ್ತರು, "ಹೆಣ್ಮಕ್ಕಳ ಹೆಸರಿಗೆ ತಾರ ಹೋದ್ರ ಚಲೋ ಕಾಣಂಗಿಲ್ರಿ ಮೇಡಂ, ಯಜಮಾನ್ರ ಹೆಸರು ಬರೀರಿ," ಎಂದರು. ವಾದ ಮಾಡಲು ನನಗೆ ಬರುವುದಿಲ್ಲ. ನಿಮ್ಮ ಮಾವನವರ ಹೆಸರು ಹಾಕಿದೆ. ರೂಮಿಗೆ ಬಂದ ಮೇಲೆ ಅದು ಯಾರ ಕೈಗೆ ಹೋಗುತ್ತದೆ ಎಂದು ಹೊಳೆಯಿತು.

ಊಟ ಮಾಡು. ನೀರು ಕುಡಿ. ಪಾಪುವನ್ನು ಡಾಕ್ಟರಿಗೆ ತೋರಿಸಿ ಒಂದು ಸಾಲು ಬರೆ.

ಅಲಮೇಲು


ರಾಯಚೂರು
5 ಜೂನ್ 1978

ಮಂಗಳಾ,

ಒಂದು ಸಾಲು ಸಾಕು. ಕಾರ್ಡಿನಲ್ಲಾದರೂ.

ಅಲಮೇಲು


ಬನಶಂಕರಿ ಎರಡನೇ ಹಂತ
18 ಜೂನ್ 1978

ಅಲಮೇಲು,

ತಾರ ಶನಿವಾರ ಬಂತು. ಮನೆ ಮುಂದೆ ಚಪ್ಪರ ಹಾಕುತ್ತಿದ್ದರು. ಹೊಸಪೇಟೆಯಿಂದ, ಚಿತ್ರದುರ್ಗದಿಂದ ನೆಂಟರು ಬಂದಿಳಿದಿದ್ದರು. ಅಮ್ಮನೂ ಬೆಳಿಗ್ಗೆಯೇ ಬಂದಿದ್ದಳು. ಅಂಚೆಯವನು, "ರೇವಣಸಿದ್ದಪ್ಪನೋರ್ಗೆ ತಾರ," ಎಂದ ಕೂಡಲೇ ಹೆಂಗಸರು ಎದ್ದುನಿಂತರು. ಮದುವೆ ಹುಡುಗಿಯ ಅಜ್ಜನಿಗೆ ಹುಷಾರಿರಲಿಲ್ಲ, ಅವರೇ ಹೋದರು, ಮದುವೆ ನಿಂತಿತು ಎಂದು ಯಾರೋ ಅಳಲೂ ಶುರು ಮಾಡಿದರು.

ಮಾವ ಕನ್ನಡಕ ಹಾಕಿಕೊಂಡು ಇಂಗ್ಲಿಷಿನಲ್ಲಿ ಓದಿದರು. ಆಮೇಲೆ ಎಲ್ಲರಿಗೂ ಅರ್ಥವಾಗಲೆಂದು ಕ್ಲಾಸಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದರು. "ಪಥ್ಯ ನಿಲ್ಲಿಸು. ಮಗು ತೂಕ ಕಳೆದುಕೊಳ್ಳುತ್ತಿದೆ. ಹಾಲು ಕೊಡು. ಡಾಕ್ಟರಿಗೆ ತೋರಿಸು. ಅಲಮೇಲು." ಮತ್ತೆ, "ಯಾರಮ್ಮ ಈ ಅಲಮೇಲು? ನಾನ್ಯಾಕೆ ಪಥ್ಯ ಮಾಡಲಿ?" ಎಂದರು. ಒಂದಿಬ್ಬರು ನಕ್ಕರು. ನಾನು ಪಾಪುವನ್ನು ಎತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನನ್ನ ಮುಖ ನೋಡಿ ನಗು ನಿಂತಿತು.

"ಏನು ಪಥ್ಯ?" ಎಂದು ಅತ್ತೆ ಕೇಳಿದರು. ಅಂಗಳದಲ್ಲಿ ಮಡಕೆ ಇಳಿಸುತ್ತಿದ್ದ ಕೆಂಪಕ್ಕ ಯಾರ ಕಡೆಯೂ ನೋಡದೆ, "ಇತ್ತಲ ಅಸ ಗುಂಡ್ಗಾಗದೆ, ನೋಡ್ಕಳಿ," ಎಂದಳು. ನಾನು ಅನ್ನವನ್ನು ಹಸುವಿಗೆ ಹಾಕುವುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಅಮ್ಮ ಬಂದು ಪಾಪುವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅಮ್ಮನ ಕೈಯಿಂದ ಅತ್ತೆ ತೆಗೆದುಕೊಂಡರು.

ಜಯನಗರದ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಪಾಪುವನ್ನು ಬಿಚ್ಚಿ ತಟ್ಟೆಯಂಥ ತಕ್ಕಡಿಯಲ್ಲಿ ಮಲಗಿಸಿದರು. ಅತ್ತೆ ಕಣ್ಣು ಮುಚ್ಚಿಕೊಂಡರು. ಐದು ಕಿಲೋ ಇನ್ನೂರು ಗ್ರಾಂ. ಆರೂವರೆ ತಿಂಗಳಿಗೆ ಏಳಾದರೂ ಇರಬೇಕಂತೆ. ಡಾಕ್ಟರು ನನ್ನನ್ನು ಬಯ್ಯಲಿಲ್ಲ. "ನೀವು ಓದಿದೀರಾ ಅಲ್ವಾಮ್ಮ?" ಎಂದರು. ಹೌದು ಎಂದೆ. ಡಬ್ಬಿ ಹಾಲು ಶುರು ಮಾಡಿ, ಜೊತೆಗೆ ಎದೆಗೂ ಇಡುತ್ತಿರಿ, ಚೆನ್ನಾಗಿ ತಿಂದು ನೀರು ಕುಡಿದರೆ ಹಾಲು ತಿರುಗಿ ಬರಬಹುದು ಎಂದರು. ಬರಬಹುದು, ಅಷ್ಟೇ.

ಮದುವೆ ಆಯಿತು. ನೇರಳೆ ಸೀರೆ ಉಟ್ಟಿದ್ದೆ. ನಮ್ಮವರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ. ಬ್ಯಾಂಕಿನವರ ಹೆಂಡತಿ ಒಬ್ಬರು, "ನಿಮ್ಮನ್ನ ನೋಡಿದ್ರೆ ಮಗುವಾಗಿದೆ ಅಂತ ಅನ್ಸೋದೇ ಇಲ್ಲ," ಎಂದರು. ನಮ್ಮವರು ತಲೆ ತಗ್ಗಿಸಿದರು. ಆಮೇಲೆ ಆಟೋದಲ್ಲಿ, "ನಾನು ಇಷ್ಟೆಲ್ಲ ಮಾಡು ಅಂದಿದ್ನಾ ಮಂಗಳಾ?" ಎಂದು ಕೇಳಿದರು. ಅಂದಿರಲಿಲ್ಲ. ಅವರು ಅಂದದ್ದು ಸ್ವಲ್ಪ ನೋಡ್ಕೋ ಎಂದಷ್ಟೇ.

ಒಂದು ವಿಷಯ ನಿನಗೆ ಹೇಳಬೇಕು, ಇಷ್ಟು ದಿನ ಬರೆಯದೆ ಇದ್ದದ್ದು ಅದಕ್ಕೇ. ನೀನು ಮಾಡಿದ ಲೆಕ್ಕ ನಾನು ಆ ಹೂವಿನವಳ ಮುಂದೆಯೇ ಮಾಡಿದ್ದೆ, ಎರಡನೇ ಸಲ ಹೋದಾಗ. ಪಾಪುವನ್ನು ಅವಳಿಗೆ ಕೊಟ್ಟು ಒಬ್ಬಳೇ ಹತ್ತಿ ಇಳಿದು, ಎರಡು ಚೀಟಿಗಳನ್ನೂ ಹಿಡಿದುಕೊಂಡು ನಿಂತಿದ್ದೆ. ಯಂತ್ರ ಸರಿಯಿಲ್ಲವೇನೋ ಎಂದುಕೊಂಡೆ. ಇನ್ನು ಇಪ್ಪತ್ತಮೂರು ದಿನ ತಾನೆ, ಮದುವೆ ಮುಗಿದ ಮರುದಿನದಿಂದ ಎಲ್ಲ ತಿನ್ನುತ್ತೇನೆ ಎಂದುಕೊಂಡೆ. ಅರ್ಧ ಕಿಲೋ ಎಷ್ಟು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ದಿನಾ ಎತ್ತಿಕೊಳ್ಳುವವಳು ನಾನೇ.

ನಿನಗೆ ಬರೆದೆ, ಎರಡೂ ಅಂಕಗಳನ್ನು. ನೀನಾದರೂ ನಿಲ್ಲಿಸು ಎನ್ನುತ್ತೀಯೇನೋ ಎಂದು. ಹತ್ತನೇ ತಾರೀಖಿನ ನಿನ್ನ ಕಾಗದದಲ್ಲಿ ಶ್ರೀಗಂಧ ಹಚ್ಚು ಎಂದಿತ್ತು.

ಮಂಗಳಾ


ರಾಯಚೂರು
27 ಜೂನ್ 1978

ಮಂಗಳಾ,

ನಾನು ಬರೆಯಬೇಕಾದದ್ದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಆಗುವುದಿಲ್ಲ.

ಆ ಲೇಖನದ ಕೊನೆಯಲ್ಲಿ ಇನ್ನೂ ಮೂರು ಸಾಲು ಇದ್ದವು. ಮೊಲೆಹಾಲು ಕುಡಿಸುತ್ತಿರುವ ತಾಯಂದಿರು ಈ ಕ್ರಮ ಅನುಸರಿಸಬಾರದು, ಅವರಿಗೆ ಎಂದಿಗಿಂತ ಹೆಚ್ಚು ಆಹಾರವೂ ನೀರೂ ಬೇಕು, ಮಗು ಬೇರೆ ಊಟ ಮಾಡುವವರೆಗೆ ಕಾಯಬೇಕು ಎಂದು. ನಾನು ಅದನ್ನು ಓದಿದ್ದೆ. ನಕಲು ಮಾಡುವಾಗ ಇನ್‌ಲ್ಯಾಂಡಿನಲ್ಲಿ ಜಾಗವಿರಲಿಲ್ಲ. ಇನ್ನೊಂದು ಇನ್‌ಲ್ಯಾಂಡ್ ತರಬಹುದಿತ್ತು. ನೀನು ಬಾಟಲಿ ತಂದಿಟ್ಟಿದ್ದೇವೆ ಎಂದು ಬರೆದಿದ್ದೆಯಲ್ಲ, ಅದಕ್ಕೇ ಬಳಸುತ್ತಿದ್ದೀಯ ಎಂದುಕೊಂಡೆ. ಕೇಳಬಹುದಿತ್ತು. ಆ ಮಾತನ್ನು ಕಾಗದದಲ್ಲಿ ಬರೆಯಲು ನನಗೆ ಸಂಕೋಚವಾಯಿತು. ನಾನು ಮದುವೆಯಾಗದವಳು, ಲೈಬ್ರರಿಯಲ್ಲಿ ಪಕ್ಕದ ಮೇಜಿನಲ್ಲಿ ಇಬ್ಬರು ಲೆಕ್ಚರರುಗಳು ಪೇಪರ್ ಓದುತ್ತಿದ್ದರು. ಇಷ್ಟೇ ಕಾರಣ. ಬೇರೆ ದೊಡ್ಡ ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ.

ತಾರ ಕಳಿಸಿದ ದಿನವೂ ಇದನ್ನು ಹೇಳಲಿಲ್ಲ.

ನಾನು ಬರಲೇ? ಜುಲೈನಲ್ಲಿ ನಾಲ್ಕು ದಿನ ರಜೆ ಹಾಕಬಹುದು. ಬಂದು ಏನು ಮಾಡುತ್ತೇನೋ ಗೊತ್ತಿಲ್ಲ. ಬೇಡವೆಂದರೆ ಬರುವುದಿಲ್ಲ.

ಅಲಮೇಲು


ಬನಶಂಕರಿ ಎರಡನೇ ಹಂತ
30 ಜುಲೈ 1978

ಅಲಮೇಲು,

ಬಾ ಎಂದು ಬರೆಯಲು ಎರಡು ಸಲ ಕೂತೆ. ಬಂದರೆ ಮಾವ, "ಓ, ತಾರದ ಅಲಮೇಲು," ಎನ್ನುತ್ತಾರೆ. ಅತ್ತೆ ನಿನಗೆ ಕಾಫಿ ಕೊಡುತ್ತಾರೆ, ಒಂದು ಮಾತೂ ಆಡುವುದಿಲ್ಲ. ನಿನ್ನಂಥವಳು ಅದನ್ನು ತಡೆಯಲಾರಳು. ಈಗ ಬೇಡ.

ಆ ಮೂರು ಸಾಲು ನೀನು ಬರೆದಿದ್ದರೆ ನಾನು ನಿಲ್ಲಿಸುತ್ತಿದ್ದೆನೇ ಎಂದು ಯೋಚಿಸಿದೆ. ನಿಲ್ಲಿಸುತ್ತಿರಲಿಲ್ಲ ಎಂದು ಬರೆದರೆ ನಿನಗೆ ನಿದ್ದೆ ಬರುತ್ತದೆ. ನಿಲ್ಲಿಸುತ್ತಿದ್ದೆ ಎಂದರೆ ನನಗೆ ಬರುತ್ತದೆ. ಯಾವುದು ನಿಜವೋ ನನಗೇ ಗೊತ್ತಿಲ್ಲ ಕಣೇ, ಆದ್ದರಿಂದ ಎರಡನ್ನೂ ಬರೆಯುವುದಿಲ್ಲ.

ಅಮ್ಮ ಹದಿನೈದು ದಿನ ಇಲ್ಲೇ ಇದ್ದಳು. ಎರಡನೇ ಬಾಣಂತನದ ಹಾಗೆ ನಡೆಯಿತು. ಬೆಳ್ಳುಳ್ಳಿ, ಸಬ್ಬಸಿಗೆ, ಮೆಂತ್ಯದ ಗಂಜಿ. ಈ ಸಲ ನೀರಿಗೂ ಲೆಕ್ಕವಿರಲಿಲ್ಲ. ಹಾಕಿದ್ದೆಲ್ಲ ಅತ್ತೆಯ ಎದುರಿಗೇ ಕೂತು ತಿಂದೆ. ನಾನು ಮತ್ತೆ ಉಬ್ಬುತ್ತಿದ್ದೇನೆ, ಎರಡು ಬ್ಲೌಸೂ ತಿರುಗಿ ಪೆಟ್ಟಿಗೆ ಸೇರಿವೆ. ನಮ್ಮವರು ಏನೂ ಅನ್ನುವುದಿಲ್ಲ. ತಟ್ಟೆಗೆ ತಾವೇ ತುಪ್ಪ ಹಾಕುತ್ತಾರೆ. ಹಾಲು ಮಾತ್ರ ಬರಲಿಲ್ಲ.

ಪಾಪು ಏಳು ಕಿಲೋ ದಾಟಿದ್ದಾಳೆ. ಇದು ಸಂತೋಷದ ವಿಷಯ, ಸಂತೋಷದಿಂದಲೇ ಬರೆಯುತ್ತಿದ್ದೇನೆ. ಅತ್ತೆ ಬಾಟಲಿಯನ್ನು ಕುದಿಸಿ, ಗಡಿಯಾರ ನೋಡಿ ಕುಡಿಸುತ್ತಾರೆ. ದೃಷ್ಟಿ ಎಂದು ಹೆದರುತ್ತಿದ್ದವರು ಈಗ ತಿಂಗಳಿಗೆರಡು ಸಲ ತಾವೇ ಡಾಕ್ಟರ ಹತ್ತಿರ ತೂಕಕ್ಕೆ ಕರೆದುಕೊಂಡು ಹೋಗುತ್ತಾರೆ. ನನ್ನನ್ನು ಬಾ ಎನ್ನುವುದಿಲ್ಲ. ಬೇಡವೆಂದೂ ಹೇಳಿಲ್ಲ. ಅವಳು ಮಲಗುವುದು ಅವರ ಕೋಣೆಯಲ್ಲಿ. ಎದೆಗೆ ಇಡುತ್ತಿರಿ ಎಂದು ಡಾಕ್ಟರು ಹೇಳಿದ್ದರಲ್ಲ, ಆದರೆ ನನ್ನ ಹತ್ತಿರ ಬರುವ ಹೊತ್ತಿಗೆ ಅವಳ ಹೊಟ್ಟೆ ತುಂಬಿರುತ್ತದೆ. ಇದರಲ್ಲಿ ಯಾರದೂ ತಪ್ಪೆಂದು ತೋರಿಸಲು ಆಗುವುದಿಲ್ಲ. ನಾನು ಅವಳನ್ನು ಹಸಿವೆಯಲ್ಲಿ ಇಟ್ಟವಳು, ಅವರು ಹಸಿವೆಯಾಗದ ಹಾಗೆ ನೋಡಿಕೊಳ್ಳುತ್ತಿದ್ದಾರೆ.

ನಿನ್ನೆ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಪಾಪು ಎದ್ದು ಅಳಲು ಶುರು ಮಾಡಿದಳು. ಹಾಲಿನ ಹೊತ್ತಾಗಿತ್ತು, ಬಾಟಲಿ ಇನ್ನೂ ಪಾತ್ರೆಯಲ್ಲಿ ಕುದಿಯುತ್ತಿತ್ತು. ಎತ್ತಿಕೊಂಡು ಕೋಣೆಯ ಬಾಗಿಲು ಹಾಕಿ ನೆಲದ ಮೇಲೆ ಕೂತೆ. ಸೆರಗು ಸರಿಸಿ ಎದೆಗಿಟ್ಟೆ. ಬಾಯಿ ಹಾಕಿದಳು. ಎರಡು ಸಲ, ಮೂರು ಸಲ ಜಗ್ಗಿದಳು. ಆಮೇಲೆ ಬಿಟ್ಟು, ಕತ್ತು ಹಿಂದಕ್ಕೆ ಮಾಡಿ ನನ್ನ ಮುಖವನ್ನು ನೋಡಿದಳು. ಕಿರುಚುತ್ತಾಳೆ ಎಂದುಕೊಂಡೆ, ಕಿರುಚಲಿಲ್ಲ. ಬಚ್ಚಲುಮನೆಯ ಕಡೆ ತಿರುಗಿ, ಅಲ್ಲಿ ತಂಬಿಗೆಯಿಂದ ನೀರು ಸುರಿಯುವ ಸದ್ದಿಗೆ ಕಿವಿಗೊಟ್ಟು ಸುಮ್ಮನೆ ಕೂತಳು, ಅದು ನಿಲ್ಲುವುದನ್ನು ಕಾಯುತ್ತಾ. ನಾನು ಎದ್ದು ಬಾಗಿಲು ತೆರೆದಿಟ್ಟೆ. ಇಬ್ಬರೂ ಕಾದೆವು.

ಮಂಗಳಾ